ಮೆಟ್ಟು ನಡೆಸುವ ಊರು

ಅವನು ಮೊದಲ ಸಲ ಎದ್ದು ನಡೆದದ್ದು ಒಂದು ಮಂಗಳವಾರ. ಮಂಗಳವಾರ ಹೊರಡಬಾರದು ಎಂದು ಯಾರಾದರೂ ಹೇಳಿದ್ದರೂ ಬುಧವಾರದವರೆಗೆ ಕಾಯುವ ಆಸಾಮಿ ಅಲ್ಲ ಅದು. ಅಯ್ಯನವರ ಮಠದಲ್ಲಿ ಕೂತು ಮರಳಿನ ಮೇಲೆ ಅಕ್ಷರ ತೀಡುತ್ತಿದ್ದ. ಬೆರಳು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು. ಕಿಟಕಿಯ ಆಚೆ ಒಂದು ದಾರಿಯಿತ್ತು. ಅದು ಎಲ್ಲೂ ಸುತ್ತದೆ, ಯಾರನ್ನೂ ಕೇಳದೆ, ನೆಟ್ಟಗೆ ಹೋಗುತ್ತಿತ್ತು. ಅಯ್ಯನವರು ನಶ್ಯ ಏರಿಸಿ, ಎರಡು ಸಲ ಸೀನಿ, ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅವನು ದಾರಿಯ ಮೇಲಿದ್ದ. ವರ್ಣಮಾಲೆಯ ಕೊನೆಯ ಅಕ್ಷರಗಳು ಅವನ ಪಾಲಿಗೆ ಇಂದಿಗೂ ಆ ಮರಳಲ್ಲೇ ಇವೆ.

ಆಮೇಲೆ ಅವನು ನಿಂತದ್ದಿಲ್ಲ. ಒಂದೂರಲ್ಲಿ ಬಾವಿ ತೋಡಿದ, ನೀರು ಕಾಣುವ ಮೊದಲೇ ಹೊರಟ. ಒಂದೂರಲ್ಲಿ ಮನೆಗೆ ಸೂರು ಹೊದಿಸಿದ, ಮಳೆ ಬಂದು ಅದು ಸೋರಿತೋ ಇಲ್ಲವೋ ಅಂತ ನೋಡಲಿಲ್ಲ. ಕಲಿತ ಕೆಲಸಗಳಲ್ಲಿ ಕೈಬಿಡದೆ ಉಳಿದದ್ದು ಒಂದೇ, ಮೆಟ್ಟು ಹೊಲಿಯುವುದು. ಅಷ್ಟು ನಡೆಯುವವನು ಅದನ್ನು ಕಲಿಯದೆ ವಿಧಿಯಿರಲಿಲ್ಲ. ಒಂದು ದಬ್ಬಳ, ಒಂದು ಉಂಡೆ ದಾರ, ಹಿಡಿ ಮೇಣ, ಇಷ್ಟೇ ಅವನ ಆಸ್ತಿ. ಬೆಳಗ್ಗೆ ಎದ್ದವನೇ ಹೆಬ್ಬೆರಳಿಂದ ಅಂಗಾಲು ಒತ್ತಿ ನೋಡಿಕೊಳ್ಳುತ್ತಿದ್ದ. ಹುಣಸೆಮರದ ತೊಗಟೆಯ ಹಾಗೆ ಗಡುಸಾಗಿರುತ್ತಿತ್ತು. ಸರಿ, ಇನ್ನೂ ನಾನೇ, ಅಂದುಕೊಂಡು ಹೊರಡುತ್ತಿದ್ದ. ದಾರಿಯವರು ಅವನನ್ನು ಅಲೆಮಾರಿ ಎಂದರು. ಅವನೂ ಹೂಂ ಅಂದ.

ಹೀಗೆ ಹೋಗುತ್ತಾ ಹೋಗುತ್ತಾ ಒಂದು ಕೋಟೆಯ ಊರು ಸಿಕ್ಕಿತು. ಅದಕ್ಕೆ ಒಂದೇ ಬಾಗಿಲು. ಬಾಗಿಲು ಸೊಂಟದಷ್ಟೇ ಎತ್ತರ. ಬಾಗಿಲ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ತುಂಬ ಜೋತುಬಿದ್ದ ಮೆಟ್ಟುಗಳು, ಬಾವಲಿಗಳ ಹಾಗೆ. ಕೆಳಗೆ ಒಬ್ಬ ಮುದುಕಿ ಕಾಲು ನೀಡಿ ಕೂತಿದ್ದಳು. ಊರಿನವರು ಅವಳನ್ನು ಬಾಗಿಲಜ್ಜಿ ಎನ್ನುತ್ತಿದ್ದರು.

"ಮೆಟ್ಟು ಬಿಚ್ಚಪ್ಪ," ಅಂದಳು.

"ಒಳಗೆ ದೇವಸ್ಥಾನವಾ ಅಜ್ಜಿ?"

"ಅಲ್ಲ, ಊರು. ಇಲ್ಲಿ ಮೂರೇ ಜೋಡು ಮೆಟ್ಟು ನಡೆಯೋದು. ನಾಲ್ಕನೆಯದಕ್ಕೆ ದಾರಿ ಅಗಲ ಸಾಲದು."

"ಒಂದು ಚೊಂಬು ನೀರು, ಒಂದಿಷ್ಟು ನೆರಳು, ಅಷ್ಟೇ ಬೇಕಾಗಿರೋದು. ಹೋಗುವಾಗ ಕೊಡ್ತೀಯಲ್ಲ?"

ಅಜ್ಜಿ ನಕ್ಕಳು. ಬಾಯಲ್ಲಿ ಎರಡು ಹಲ್ಲಿದ್ದವು. "ಹೋಗುವಾಗ! ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ ಮಾರಾಯ. ಇನ್ನೊಂದ್ಸಲ ಅನ್ನು ನೋಡೋಣ."

ಅವನು ಮೆಟ್ಟು ಬಿಚ್ಚಿಕೊಟ್ಟ. ಬಗ್ಗಿದ. ಒಳಗೆ ಹೋದ.

*

ಆ ರಾಜವಂಶದಲ್ಲಿ ಎಷ್ಟು ಮಂದಿ ಆಳಿದರೋ ಊರಿಗೆ ನೆನಪಿಲ್ಲ. ಕೆರೆ ಕಟ್ಟಿಸಿದವನೊಬ್ಬ ಇದ್ದನಂತೆ. ಹಸಿದವರ ಪಕ್ಕ ಕೂತು ಉಂಡವಳೊಬ್ಬಳು ಇದ್ದಳಂತೆ. ಅವರು ನಡೆದು ನಡೆದು ಅವರ ಮೆಟ್ಟು ಸವೆದುಹೋದವು. ಸವೆದವನ್ನು ಎಸೆದರು, ಮೆಟ್ಟಿದವರನ್ನು ಮರೆತರು. ಉಳಿದದ್ದು ಮೂವರವು. ವಂಶದಲ್ಲೇ ಕಡುಪಾಪಿಗಳಾದ ಮೂವರವು.

ದೊಡ್ಡರಸ ಗಿಡ್ಡ ಮನುಷ್ಯ. ತನ್ನ ಭುಜಕ್ಕಿಂತ ಎತ್ತರ ಯಾರ ತಲೆಯೂ ಏಳಕೂಡದು ಎಂದ. ಎದ್ದ ತಲೆಗಳನ್ನು ಅವನೇನೂ ಕಡಿಸಲಿಲ್ಲ. ಬಾಗಿಲುಗಳನ್ನೆಲ್ಲ ಸೊಂಟದ ಮಟ್ಟಕ್ಕೆ ಇಳಿಸಿದ, ಸೂರನ್ನು ಇಳಿಸಿದ, ತೊಟ್ಟಿಲ ಮಕ್ಕಳಿಗೆ ಬೆನ್ನಿನ ಮೇಲೆ ಮರಳಿನ ಚೀಲ ಕಟ್ಟಿಸಿದ. ಒಂದು ತಲೆಮಾರು ಕಳೆಯಿತು. ಆಮೇಲೆ ಊರೇ ಬಗ್ಗಿ ಹುಟ್ಟಿತು.

ಮಹಾರಾಣಿ, ಪ್ರೀತಿ ಎಂಬುದು ಅರಮನೆಯ ಸೊತ್ತು ಎಂದಳು. ಯಾವ ಮನೆಯಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚಾಯಿತೋ ಅವರನ್ನು ಒಯ್ದಳು. ಮೊದಲ ದಿನ ಬಾಗಿಲಲ್ಲಿ ನಿಂತು ನೋಡುವಳು. ಎರಡನೆಯ ದಿನ ನಿಂತು ನೋಡುವಳು. ಮೂರನೆಯ ದಿನ ಕೈ ನೀಡುವಳು. ಕೈ ನೀಡಿದಾಗ ಮನೆಯವರು ನಗಬೇಕು, ಬೀದಿಗೆ ಸಕ್ಕರೆ ಹಂಚಬೇಕು. ಅತ್ತರೆ ಆ ಮನೆಯಿಂದ ಇನ್ನೊಬ್ಬರು ಹೋಗಬೇಕು.

ಕೊನೆಯರಸ ಯಾರನ್ನೂ ಬಗ್ಗಿಸಲಿಲ್ಲ, ಯಾರನ್ನೂ ಒಯ್ಯಲಿಲ್ಲ. ಕೋಟೆಯ ಮೇಲೆ ನಿಂತು, 'ನನ್ನನ್ನು ಬಿಟ್ಟು ಹೋಗ್ತೀರಾ?' ಎಂದು ಕೇಳಿದ, ಅಷ್ಟೇ. ಕೇಳಿ ಎಲ್ಲರ ಮೆಟ್ಟು ಕಳಚಿ ಹಗ್ಗಕ್ಕೆ ಹಾಕಿಸಿದ. ಮೆಟ್ಟು ಹಾಕಿದ ಕಾಲು ಮಾತ್ರ ಬಾಗಿಲು ದಾಟಿ ಹೊರಗೆ ಹೋಗಬಹುದು ಎಂದ. ಅಪ್ಪಣೆ ನ್ಯಾಯವಾಗಿಯೇ ಇತ್ತು, ಯಾರೂ ಎದುರು ಹೇಳಲಿಲ್ಲ.

ಮೂವರೂ ಸತ್ತು ಎಷ್ಟೋ ಕಾಲವಾಯಿತು. ಸಾಯುವಾಗ ಮೂವರೂ ಒಂದೇ ಮಾತು ಹೇಳಿದರು: ನಮ್ಮ ಮೆಟ್ಟು ದಿನವೂ ನಡೆಯಬೇಕು, ಒಂದು ದಿನ ನಡೆಯದೆ ಬಿದ್ದಿದ್ದರೆ ನಾವೇ ಎದ್ದುಬಂದು ನಡೆಯುತ್ತೇವೆ.

ಅದಕ್ಕೇ ಆ ಊರಲ್ಲಿ ಹೊತ್ತು ಮಾರುದ್ದ ಏರಿದ ಕೂಡಲೇ ನಗಾರಿ ಬೀಳುತ್ತದೆ. ಗದ್ದುಗೆಯ ಮೇಲಿನ ಮೂರು ಜೋಡು ಕೆಳಗಿಳಿಯುತ್ತವೆ. ದೊಡ್ಡರಸನದನ್ನು ಸೌದೆಯವನು ಮೆಟ್ಟುತ್ತಾನೆ. ಮಹಾರಾಣಿಯದನ್ನು ವೀಳ್ಯ ಮಾರುವ ಎಲೆಯವನು ಮೆಟ್ಟುತ್ತಾನೆ. ಕೊನೆಯರಸನದನ್ನು ಬಾಗಿಲಜ್ಜಿ ಮೆಟ್ಟುತ್ತಾಳೆ. ಮೆಟ್ಟಿದಷ್ಟು ಹೊತ್ತು ಅವರು ಅವರಲ್ಲ, ಅರಸರು. ನಗಾರಿ ಬಿತ್ತು, ಮೆಟ್ಟು ಎದ್ದವು, ಊರು ಬಗ್ಗಿತು. ಪ್ರತಿ ದಿನ ಇಷ್ಟೇ.

"ಅವರೇ ಎದ್ದುಬಂದರೆ ನಮ್ಮ ಗತಿ ಏನು ಹೇಳು," ಎಂದು ಅಜ್ಜಿ ಅಲೆಮಾರಿಗೆ ತಿಳಿಸಿ ಹೇಳಿದಳು. "ಅದಕ್ಕೇ ನಾವೇ ನಡೆಸಿಬಿಡ್ತೀವಿ. ನಮ್ಮ ಕಾಲಲ್ಲಾದರೆ ಕೊಂಚ ಹಗುರ."

*

ನೀರು ಕುಡಿದು, ನೆರಳಲ್ಲಿ ಕೂತು, ಮಾರನೆಯ ದಿನ ಅಲೆಮಾರಿ ಬಾಗಿಲಿಗೆ ಬಂದು ಮೆಟ್ಟು ಕೇಳಿದ.

"ನಿನ್ನ ಬಟ್ಟೆಗಂಟಿನೊಳಗೆ ದಬ್ಬಳ ಕಂಡೆ," ಅಂದಳು ಅಜ್ಜಿ. "ಹೊಲಿಯೋಕೆ ಬರುತ್ತೆ ತಾನೆ? ನಮ್ಮ ತೇಪೆಯಜ್ಜನಿಗೆ ಕಣ್ಣು ಮಂಜಾಗಿದೆ, ಕೈ ನಡುಗುತ್ತೆ. ಅರಸರ ಮೂರು ಜೋಡೂ ತೇಪೆಗೆ ಬಂದಿವೆ. ಅವುಕ್ಕೆ ಒಂದು ಹೊಲಿಗೆಯೂ ಬೇಡ ಅನ್ನೋ ಹಾಗೆ ಮಾಡಿಕೊಟ್ಟ ದಿನ ನಿನ್ನದು ತಗೊಂಡು ಹೋಗು. ನಾನೇ ಇಳಿಸಿಕೊಡ್ತೀನಿ."

"ಆಣೆ?"

"ಕೊನೆಯರಸನ ಆಣೆ. ಅದಕ್ಕಿಂತ ದೊಡ್ಡದು ನನ್ನ ಹತ್ರ ಇಲ್ಲ."

ಒಂದು ದಿನದ ಕೆಲಸ ಎಂದು ಬೀದಿಯ ಕಟ್ಟೆಯೊಂದರ ಮೇಲೆ ಕೂತ. ಜೋಡಿ ಹೊಲಿಗೆ ಹಾಕಿದ, ದಾರಕ್ಕೆ ಮೂರು ಸಲ ಮೇಣ ತಿಕ್ಕಿದ, ಪಟ್ಟಿ ಎಳೆದು ಜಗ್ಗಿ ನೋಡಿದ. ಆನೆ ಮೆಟ್ಟಿದರೂ ಜಗ್ಗದು. ಮಾರನೆಯ ದಿನ ಮೂರೂ ಹರಿದು ಬಂದವು. ಅಟ್ಟೆಯ ತುಂಬ ಮುಳ್ಳು, ಮಡಕೆಯ ಚೂರು. ಮತ್ತೆ ಹೊಲಿದ. ಮತ್ತೆ ಹರಿದು ಬಂದವು. ಯಾಕೆ ಎಂದು ನೋಡಲು ಬೀದಿಗೆ ಹೋದ. ನಗಾರಿ ಬೀಳುವ ಮೊದಲು ಪ್ರತಿ ಮನೆಯಿಂದಲೂ ಒಂದೊಂದು ಕೈ ಹೊರಬಂದು ದಾರಿಗೆ ಹಿಡಿ ಮುಳ್ಳು ಎಸೆದು ಒಳಗೆ ಹೋಗುತ್ತಿತ್ತು. ನಗಾರಿ ಬಿದ್ದ ಮೇಲೆ ಅದೇ ಕೈಗಳು ಮುಗಿದಿರುತ್ತಿದ್ದವು. ಊರು ಮಾಡುವ ದಂಗೆ ಅಷ್ಟೇ. ಅದರಿಂದ ಅರಸರ ಕಾಲಿಗೆ ಏನೂ ಆಗಲಿಲ್ಲ. ಅಲೆಮಾರಿಗೆ ಕೆಲಸ ಮುಗಿಯದಾಯಿತು.

ಒಂದು ದಿನ ರೋಸಿಹೋಗಿ ಬರಿಗಾಲಲ್ಲೇ ಬಾಗಿಲಿಗೆ ನಡೆದ. ಯಾರೂ ತಡೆಯಲಿಲ್ಲ, ಯಾರೂ ಬೈಯಲಿಲ್ಲ. ಬೀದಿಯ ಜನವೆಲ್ಲ ಬಂದು ಬಾಗಿಲಲ್ಲಿ ಒತ್ತೊತ್ತಾಗಿ ಬಗ್ಗಿ ನಿಂತರು, ಕಟ್ಟೆ ಕಟ್ಟಿದ ಹಾಗೆ. ಅವನು ನಿಂತಷ್ಟು ಹೊತ್ತು ಅವರೂ ನಿಂತರು. ಅವನು ತಿರುಗಿದ. ಅವರೂ ಅಡುಗೆಗೆ ಹೊತ್ತಾಯಿತು ಎಂದು ಹೋದರು.

ಬೆಳಗ್ಗೆ ಅಂಗಾಲು ಒತ್ತಿ ನೋಡಿಕೊಂಡ. ತೊಗಟೆ ಸ್ವಲ್ಪ ಮೆತ್ತಗಾಗಿತ್ತು.

ಮಳೆ ಬಂತು, ಹೋಯಿತು. ಬಿಸಿಲು ಬಂತು. ಅಂಗಾಲು ಒತ್ತಿ ನೋಡಿಕೊಂಡ. ಬೆರಳು ಒಳಗಿಳಿಯಿತು. ಮತ್ತೆ ಮಳೆ, ಮತ್ತೆ ಬಿಸಿಲು. ಒಂದು ದಿನ ನೆಲದ ಮೇಲೆ ಬಿದ್ದಿದ್ದ ಅಕ್ಕಿಕಾಳು ಚುಚ್ಚಿ ಅಮ್ಮಾ ಎಂದು ಕೂತುಬಿಟ್ಟ. ಅಂದು ಅವನಿಗೆ ನಿಜವಾಗಿ ಭಯವಾಯಿತು. ಕೂತಲ್ಲಿಂದಲೇ ಹಗ್ಗದ ಮೇಲಿನ ತನ್ನ ಮೆಟ್ಟು ಕಾಣುತ್ತಿತ್ತು. ಗಾಳಿಗೆ ಅವು ಅಲ್ಲೇ ನಡೆಯುತ್ತಿದ್ದವು.

*

ಅವನ ಕಟ್ಟೆಯ ಎದುರು ನೇಯುವವಳ ಮನೆ. ಅವಳು ದಿನವೂ ಒಂದು ಲೋಟ ಮಜ್ಜಿಗೆ ತಂದಿಡುತ್ತಿದ್ದಳು. "ಕುಡಿಯಣ್ಣ, ದಾರ ಕಚ್ಚಿ ಕಚ್ಚಿ ಬಾಯಿ ಒಣಗಿರುತ್ತೆ. ನಮ್ಮಿಬ್ಬರದೂ ದಾರದ ಬಾಳು."

ಅವಳ ಪಕ್ಕದ ಅಂಗಡಿ ಎಲೆಯವನದು. ಮಾತಿನಲ್ಲಿ ಬೆಣ್ಣೆಯಂಥವನು. ಮಹಾರಾಣಿಯ ಮೆಟ್ಟು ಗದ್ದುಗೆಗೆ ಏರಿಸಿ, ಕಾಲು ಒರೆಸಿಕೊಂಡು, ಅಂಗಡಿಗೆ ಬಂದು ಕೂತು ಎಲೆಗೆ ನೀರು ಚಿಮುಕಿಸುತ್ತಾ ಕೂಗುತ್ತಿದ್ದ: "ಊಟ ಆಯ್ತೇನಮ್ಮ ತಂಗಿ?"

"ಆಯ್ತಣ್ಣ. ನಿಂದು?"

"ಎಲ್ಲಿ, ಇನ್ನೂ ನಿಮ್ಮತ್ತಿಗೆ ಒಲೆ ಊದ್ತಾ ಇದಾಳೆ. ಒಳ್ಳೆ ಚಿಗುರೆಲೆ ಬಂದಿದೆ, ತಗೋ."

ನೇಯುವವಳ ಅಕ್ಕ ಅರಮನೆಯಲ್ಲಿದ್ದಳು. ಆರು ವರ್ಷದ ಕೆಳಗೆ ಹೋದವಳು. ಅರಮನೆಗೆ ಅಗುಳಿಯಿಲ್ಲ, ಕಾವಲಿಲ್ಲ, ಒಳಗೆ ಅರಸರೂ ಇಲ್ಲ. ಹೋದವರು ಕಿಟಕಿಗೊಬ್ಬರಂತೆ ಸುಮ್ಮನೆ ಕೂತಿರುತ್ತಾರೆ. ಊರಿನವರು ಹೊಸಿಲಲ್ಲಿ ಬುತ್ತಿ ಇಟ್ಟು ಬರುತ್ತಾರೆ. ಸಂಜೆ ತಂಗಿ ತಲೆಯೆತ್ತಿ ನೋಡುವಳು, ಅಕ್ಕ ತಲೆ ತಗ್ಗಿಸಿ ನೋಡುವಳು. ಅಷ್ಟೇ.

"ಅಕ್ಕನ್ನ ಮಹಾರಾಣಿ ಒಯ್ದಳು," ಎಂದಳು ಒಂದು ದಿನ.

"ಯಾವ ಮಹಾರಾಣಿ ತಾಯಿ? ಕೈ ನೀಡಿದ್ದು ಎಲೆಯಣ್ಣ ಅಲ್ವಾ?"

ಅವಳು ಗಾಬರಿಯಾಗಿ ಸುತ್ತ ನೋಡಿದಳು. "ಬಾಯಿ ಮುಚ್ಚು! ಎಲೆಯಣ್ಣ ಎಲೆ ಮಾರೋನು. ಅಕ್ಕನ ಮದುವೆಗೆ ಕಟ್ಟುಗಟ್ಟಲೆ ಎಲೆ ಹೊತ್ತುಕೊಂಡು ಬಂದೋನು. ಒಯ್ದದ್ದು ಮಹಾರಾಣಿ. ಮೆಟ್ಟಿನಲ್ಲಿ ಇರೋದು ಅವಳು."

ಅದಾಗಿ ಸ್ವಲ್ಪ ಕಾಲಕ್ಕೆ, ಒಂದು ಬೆಳಗ್ಗೆ, ಮಹಾರಾಣಿಯ ಮೆಟ್ಟು ನೇಯುವವಳ ಬಾಗಿಲಲ್ಲಿ ನಿಂತಿತು. ಎಲೆಯವನು ಕತ್ತು ಒಂದು ಕಡೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಬೆರಳ ತುದಿಯಿಂದ ಇಲ್ಲದ ಸೆರಗು ಹಿಡಿದು ನೋಡಿದ. ನೋಡಿ ಮುಂದಕ್ಕೆ ಹೋದ. ಮಾರನೆಯ ದಿನವೂ ನಿಂತಿತು, ನೋಡಿತು, ಹೋಯಿತು.

ಅಂದು ಮಧ್ಯಾಹ್ನ ಅವಳು ಮಜ್ಜಿಗೆ ತರಲಿಲ್ಲ. ಬರಿಗೈಲಿ ಬಂದು ಕಟ್ಟೆಯ ಕೆಳಗೆ ಕುಕ್ಕರಿಸಿದಳು.

"ನಾಳೆಗೆ ಮೂರನೇ ದಿನ ಅಣ್ಣ. ಮನೇಲಿ ಇನ್ಯಾರೂ ಉಳಿದಿಲ್ಲ, ನಾನೇ ಉಳಿದಿರೋದು. ಹೋಗೋಳೂ ನಾನೇ, ನಿಂತು ನಗೋಳೂ ನಾನೇ, ಸಕ್ಕರೆ ಹಂಚೋಳೂ ನಾನೇ. ಎಷ್ಟು ಕೆಲಸ ಅಂತ ಒಬ್ಬಳು ಮಾಡ್ಲಿ?" ಎಂದು ನಗಲು ಹೋದಳು, ಆಗಲಿಲ್ಲ. "ಒಂದು ದಿನ ತಡ ಮಾಡು. ರಾಣಿ ಜೋಡು ನಾಳೆಗೆ ಆಗಲಿಲ್ಲ ಅನ್ನು."

"ಆಗದಿದ್ದರೆ ಅವಳೇ ಎದ್ದುಬರ್ತಾಳಂತಲ್ಲ?"

"ಬರಲಿ. ಒಂದ್ಸಲ ನಿಜವಾದ ಮುಖ ನೋಡಿ ಹೋಗ್ತೀನಿ."

ಅಲೆಮಾರಿ ಮಹಾರಾಣಿಯ ಮೆಟ್ಟನ್ನು ಮಡಿಲಿಗೆ ಹಾಕಿಕೊಂಡ. ತಡಮಾಡಬೇಕೆಂದರೆ ಬಿಚ್ಚಬೇಕು. ಬಿಚ್ಚಿದ.

ಅದು ಈರುಳ್ಳಿಯ ಹಾಗಿತ್ತು. ತನ್ನ ತೇಪೆಯ ಕೆಳಗೆ ತೇಪೆಯಜ್ಜನ ತೇಪೆ. ಅದರ ಕೆಳಗೆ ಇನ್ನೂ ಹಳೆಯದು, ಅಗಲ ಹೊಲಿಗೆಯದು. ಅದರ ಕೆಳಗೆ ಕುದುರೆಯ ಜೀನಿನ ಚೂರು, ನೀರು ಸೇದುವ ಚರ್ಮದ ಬಾನೆಯ ಚೂರು, ಯಾರದೋ ಎತ್ತಿನ ಕೊರಳ ಪಟ್ಟಿ. ಮಹಾರಾಣಿಯ ತೊಗಲು ಎಲ್ಲಿದೆ ಎಂದು ಹುಡುಕುತ್ತಾ ಹೋದ. ಒಂದೊಂದು ಪದರವೂ ಕೆಳಗಿನದಕ್ಕಿಂತ ದೊಡ್ಡದಾಗಿ ಕತ್ತರಿಸಿದ್ದು. ಹೊಲಿದ ಒಬ್ಬೊಬ್ಬನೂ ಒಂದು ಬೆರಳು ಅಗಲ ಮಾಡುತ್ತಾ ಬಂದಿದ್ದ. ಕೊನೆಯ ಪದರ ಅಂಗೈಯಷ್ಟಿತ್ತು. ಅದೂ ಊರ ತೊಗಲೇ. ಅದರ ಕೆಳಗೆ ಏನೂ ಇರಲಿಲ್ಲ.

ದೊಡ್ಡರಸನದನ್ನು ಬಿಚ್ಚಿದ. ಕೊನೆಯರಸನದನ್ನು ಬಿಚ್ಚಿದ. ಏನೂ ಇರಲಿಲ್ಲ.

ಬಿಸಿಲಿಗೆ ಕೂತಿದ್ದ ತೇಪೆಯಜ್ಜನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ: "ಅಜ್ಜ, ಇದರೊಳಗೆ ಯಾರೂ ಇಲ್ಲ."

"ಗೊತ್ತು," ಅಂದ ಅಜ್ಜ. ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಲಿಲ್ಲ. "ನಮ್ಮ ತಾತನ ಕಾಲದಲ್ಲೇ ನಾಯಿಗಳು ಮೂರು ಜೋಡನ್ನೂ ಕಿತ್ತು ತಿಂದು ಹಾಕಿದವು. ಊರೆಲ್ಲ ಬಾಗಿಲು ತೆಗೆದು ಕಾದರಂತೆ, ಅರಸರು ಈಗ ಬರ್ತಾರೆ, ಆಗ ಬರ್ತಾರೆ ಅಂತ. ಸಂಜೆವರೆಗೂ ಕಾದರು. ಒಂದು ಕಾಗೆ ಕೂಡ ಬರಲಿಲ್ಲ."

"ಮತ್ತೆ?"

"ಮತ್ತೇನು, ಬೆಳಗಾಗೋ ಮೊದಲೇ ತಾತನ ಬಾಗಿಲಿಗೆ ಬಂದು ಸಾಲಾಗಿ ನಿಂತರು. ಹೊಸದು ಹೊಲಿದುಕೊಡು ಅಂತ. ಒಬ್ಬೊಬ್ಬರು ಒಂದೊಂದು ಚೂರು ತೊಗಲು ತಂದು."

"ಯಾಕಜ್ಜ? ಬಿಡುಗಡೆ ಆಗಿತ್ತಲ್ಲ!"

ಅಜ್ಜ ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದ. "ನೀನು ಒಬ್ಬಂಟಿ, ನಿನಗೆ ತಿಳಿಯೋಲ್ಲ. ಪಕ್ಕದ ಮನೆಯವನು ಬಂದು ನಿನ್ನ ಮಗಳನ್ನು ಒಯ್ದಿದ್ದಾನೆ. ನೀನು ಅದನ್ನು ನೋಡ್ತಾ ನಿಂತು ಸಕ್ಕರೆ ಹಂಚಿದ್ದೀಯ. ಒಯ್ದದ್ದು ಮೆಟ್ಟು ಅಂತ ಇದ್ದರೆ ನಾಳೆಯೂ ಅವನ ಮನೆಯಿಂದ ಕೆಂಡ ತಂದು ಒಲೆ ಹಚ್ಚಬಹುದು. ಮೆಟ್ಟು ಇಲ್ಲ ಅಂದರೆ?"

ಅಲೆಮಾರಿ ಯಾರ ಪಕ್ಕದಲ್ಲೂ ಅಷ್ಟು ದಿನ ಇದ್ದವನೇ ಅಲ್ಲ.

*

ಮಾರನೆಯ ದಿನ ಮೆಟ್ಟು ಒಯ್ಯಲು ಬಂದವರು ಕಟ್ಟೆಯ ಮುಂದೆ ನಿಂತುಬಿಟ್ಟರು. ಮೂರು ಜೋಡೂ ಇರಲಿಲ್ಲ. ಅವುಗಳ ಪದರಗಳು ಕಟ್ಟೆಯುದ್ದಕ್ಕೂ ಬಿಸಿಲಿಗೆ ಹರಡಿದ್ದವು, ಹಪ್ಪಳ ಒಣಗಿಹಾಕಿದ ಹಾಗೆ.

"ಅರಸರನ್ನು ಹುಡುಕಿದೆ, ಸಿಗಲಿಲ್ಲ," ಅಂದ ಅಲೆಮಾರಿ. "ನಿಮ್ಮ ನಿಮ್ಮ ತೊಗಲು ನೀವೇ ನೋಡ್ಕೊಳ್ಳಿ."

ಯಾರೂ ಮುಟ್ಟಲಿಲ್ಲ. ಆಮೇಲೆ ಸೌದೆಯವನು ಬಗ್ಗಿ ಬಗ್ಗಿ ಹತ್ತಿರ ಬಂದು ಒಂದು ಚೂರಿನ ಮೇಲೆ ಬೆರಳಿಟ್ಟ. "ಇದು ನಮ್ಮ ಕೆಂದ ಎತ್ತಿನದು. ಈ ಸುಳಿ ನೋಡು." ಒಬ್ಬಳು ಇನ್ನೊಂದನ್ನು ಎತ್ತಿದಳು: "ನಮ್ಮ ಮಾವನ ಚೀಲದ್ದು." ಮತ್ತೊಬ್ಬ: "ನಮ್ಮಪ್ಪನ ಬಾನೆ." ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮದನ್ನು ಗುರುತು ಹಿಡಿದರು. ಹಿಡಿದು ಕೈಯಲ್ಲಿ ಇಟ್ಟುಕೊಂಡು ನಿಂತರು, ಎಲ್ಲಿಡಬೇಕೋ ತಿಳಿಯದೆ.

ಅಷ್ಟರಲ್ಲಿ ನಗಾರಿ ಬಿತ್ತು. ಬಾರಿಸುವವನಿಗೆ ಯಾರೂ ಹೇಳಿರಲಿಲ್ಲ.

ನಗಾರಿ ಬಿತ್ತು, ಮೆಟ್ಟು ಏಳಲಿಲ್ಲ, ಊರು ಬಗ್ಗಿತು. ಬಗ್ಗಿಕೊಂಡೇ ಕಾದು ನಿಂತಿತು. ಕೋಟೆಯ ಕಡೆಯಿಂದ ಯಾರೂ ಬರಲಿಲ್ಲ. ಗೋರಿಗಳ ಕಡೆಯಿಂದ ಯಾರೂ ಬರಲಿಲ್ಲ. ಒಂದಿಬ್ಬರು ಬೆನ್ನು ನೆಟ್ಟಗೆ ಮಾಡಲು ಹೋಗಿ ಅಯ್ಯಯ್ಯೋ ಎಂದು ಸೊಂಟ ಹಿಡಿದುಕೊಂಡರು. ನೆಟ್ಟಗಾದ ಸೌದೆಯವನು ಅಷ್ಟೆತ್ತರದಿಂದ ಊರನ್ನು ಎಂದೂ ನೋಡಿರಲಿಲ್ಲ; ತಲೆ ತಿರುಗಿ ಕೂತುಬಿಟ್ಟ.

ಆಗ ಎಲೆಯವನು ಎದ್ದ.

ಕಾಲಲ್ಲಿ ಏನೂ ಇರಲಿಲ್ಲ. ಆದರೂ ಕತ್ತು ಒಂದು ಕಡೆ ವಾಲಿತು, ಕಣ್ಣು ಅರ್ಧ ಮುಚ್ಚಿತು, ಬೆರಳ ತುದಿ ಇಲ್ಲದ ಸೆರಗನ್ನು ಹಿಡಿಯಿತು. ಬರಿಗಾಲು ಮುಳ್ಳಿನ ಮೇಲೆ ನಡೆಯಿತು, ರಕ್ತ ಬಂತು, ಅವನಿಗೆ ತಿಳಿಯಲಿಲ್ಲ. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ನೇಯುವವಳ ಬಾಗಿಲಿಗೆ ಹೋಗಿ ನಿಂತ. ಕೈ ನೀಡಿದ. ಹಿಂದಿನಿಂದ ಯಾರೋ ಸಕ್ಕರೆಯ ಬಟ್ಟಲು ತಂದು ಅವಳ ಕೈಗಿಟ್ಟರು, ಕೂಡಲೇ.

ಅಲೆಮಾರಿ ಕಟ್ಟೆಯಿಂದ ಕೆಳಗಿಳಿದ.

ಅವಳು ನಗಲಿಲ್ಲ. ಬಟ್ಟಲು ಕೆಳಗಿಟ್ಟಳು. ಎಲೆಯವನ ಮುಖ ನೋಡದೆ ಕಾಲು ನೋಡಿದಳು.

"ಎಲೆಯಣ್ಣ, ಕಾಲಿಂದ ರಕ್ತ ಬರ್ತಾ ಇದೆ."

ಅವನು ತಲೆ ತಗ್ಗಿಸಿ ನೋಡಿಕೊಂಡ. ವಾಲಿದ ಕತ್ತು ನಿಧಾನಕ್ಕೆ ನೆಟ್ಟಗಾಯಿತು. "ಹೌದಲ್ಲ," ಅಂದ. "ಅಭ್ಯಾಸ ತಂಗಿ... ಕಾಲು ತಾನೇ ಬಂತು."

"ನಮ್ಮಕ್ಕನ್ನ ಯಾರು ಒಯ್ದರು ಅಣ್ಣ?"

"ಮಹಾ..." ಎಂದವನ ಬಾಯಿ ಅಲ್ಲಿಗೇ ನಿಂತಿತು. ಊರೆಲ್ಲ ಅವನ ಬಾಯಿ ನೋಡುತ್ತಿತ್ತು. "ನಾನಮ್ಮ," ಅಂದ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. "ನಾನೇ ಒಯ್ದೆ."

ಆ ಮಾತು ಬೀದಿಯಲ್ಲಿ ಹೊಗೆಯ ಹಾಗೆ ಹರಡಿತು. ಜನ ಒಬ್ಬರ ಮುಖ ಒಬ್ಬರು ನೋಡಲಾರದೆ ಅತ್ತ ಇತ್ತ ತಿರುಗಿದರು. ಯಾರ ಕೈ ಯಾರಿಗೆ ಸಕ್ಕರೆ ಬಟ್ಟಲು ಕೊಟ್ಟಿತ್ತು, ಯಾರ ಮನೆಯ ಬಾಗಿಲು ಯಾರು ತೋರಿಸಿದ್ದರು, ಎಲ್ಲವೂ ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಒಬ್ಬಳು ಚೀರಿದಳು: "ಹೊಲಿ! ಆ ಅಲೆಮಾರಿ ಕೈಗೆ ದಬ್ಬಳ ಕೊಡಿ, ಹೊಲೀಲಿ!"

ಎಲೆಯವನೇ ಮೊದಲು ಓಡಿಬಂದು ಅಲೆಮಾರಿಯ ಮೊಣಕಾಲು ಹಿಡಿದ. "ಹೊಲಿದುಕೊಡೋ ಮಾರಾಯ! ಅದು ನಾನೇ ಅಂತ ಆಗಿಬಿಟ್ಟರೆ ನಾನು ನಾಳೆ ಅಂಗಡಿ ತೆಗೆಯೋದು ಹೇಗೆ? ಈ ತಂಗಿಗೆ ಎಲೆ ಕೊಡೋದು ಹೇಗೆ?"

ಎಲ್ಲರೂ ತಂತಮ್ಮ ಚೂರು ಮುಂದೆ ಚಾಚಿದರು. ಅಲೆಮಾರಿ ತನ್ನ ಕೈ ನೋಡಿಕೊಂಡು ಬೆಚ್ಚಿದ. ಎಡಗೈಲಿ ದಾರವಿತ್ತು, ಬಲಗೈ ಅದಕ್ಕೆ ಮೇಣ ತಿಕ್ಕುತ್ತಿತ್ತು. ಒಂದು ಸಲ, ಎರಡು ಸಲ. ಕೈಗೆ ಅವನು ಹೇಳಿರಲೇ ಇಲ್ಲ. ಕೈಯನ್ನು ಕಲ್ಲಿಗೆ ಬಡಿದು ದಾರ ಬೀಳಿಸಿದ.

"ನನ್ನಿಂದ ಆಗೋಲ್ಲ," ಅಂದ.

ಜನ ಅವನನ್ನು ಬೈಯಲೂ ಇಲ್ಲ. ಸಾಲು ಹಾಗೇ ತಿರುಗಿ ತೇಪೆಯಜ್ಜನ ಮುಂದೆ ಹೋಗಿ ನಿಂತಿತು. ಅಜ್ಜ ಬಾಯಲ್ಲಿದ್ದುದನ್ನು ಉಗಿದು, ತಡಕಾಡಿ, ಮೊದಲ ಚೂರು ತೊಗಲನ್ನು ಮಡಿಲಿಗೆ ಎಳೆದುಕೊಂಡ.

ಸಾಲಿನಲ್ಲಿ ಇಲ್ಲದವಳು ನೇಯುವವಳೊಬ್ಬಳೇ. ಅವಳು ಅರಮನೆಯ ಕಿಟಕಿಯ ಕೆಳಗೆ ಹೋಗಿ ನಿಂತಿದ್ದಳು.

"ಅಕ್ಕಾ, ಇಳಿದು ಬಾ."

"ಯಾರು ಹೇಳಿ ಕಳಿಸಿದರೇ?"

"ಯಾರೂ ಇಲ್ಲ."

"ಯಾರೂ ಹೇಳದೆ ಹೇಗೆ ಬರಲಿ?"

ತಂಗಿ ಮೆಟ್ಟಿಲ ಮೇಲೆ ಕೂತಳು. "ಹಾಗಾದರೆ ನೀನು ಬರೋವರೆಗೂ ಕೂತಿರ್ತೀನಿ. ಯಾರೂ ಹೇಳಿಲ್ಲ, ನಾನೇ ಕೂತಿದೀನಿ." ಕಿಟಕಿಯಲ್ಲಿ ಅಕ್ಕನ ಮುಖ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಅವಳು ಇಳಿಯುತ್ತಿದ್ದಳೋ, ಒಳಕ್ಕೆ ಸರಿದಳೋ, ಅಲೆಮಾರಿಗೆ ಕಾಣಲಿಲ್ಲ.

*

ಬಾಗಿಲಜ್ಜಿ ಹಗ್ಗದ ಕೆಳಗೆ ಬರಿಗಾಲಲ್ಲಿ ಕೂತಿದ್ದಳು. ಅವನನ್ನು ಕಂಡವಳೇ ಕೋಲೆತ್ತಿ ಅವನ ಜೋಡನ್ನು ಕೆಳಗೆ ಬೀಳಿಸಿದಳು.

"ತಗೋ. ಮೂರು ಜೋಡಿಗೂ ಒಂದು ಹೊಲಿಗೆಯೂ ಬೇಡ ಅನ್ನೋ ಹಾಗೆ ಮಾಡಿದೆಯಲ್ಲ, ಭಲೆ! ಆಣೆ ಅಂದರೆ ಆಣೆ. ಆದರೆ ಬೇಗ ಗಂಟು ಕಟ್ಟು. ಮುದುಕ ಮೊದಲು ರಾಣೀದು ಹೊಲೀತಿದಾನೆ, ಆಮೇಲೆ ದೊಡ್ಡರಸಂದು, ಕೊನೆಗೆ ನಂದು. ನನ್ನ ಕಾಲಿಗೆ ಅದು ಬಂತೋ, ನಾನೇ ನಿನ್ನ ಬಿಡೋಲ್ಲ. ಈಗಲೇ ಹೇಳಿರ್ತೀನಿ, ಆಮೇಲೆ ಅಜ್ಜಿ ಹಿಂಗೆ ಅಂತ ಅನ್ನಬೇಡ."

"ಮೆಟ್ಟಬೇಡ ಅಜ್ಜಿ."

"ಮೆಟ್ಟದೆ ಇರೋಕೆ ಏನಾದರೂ ಇನ್ನೊಂದು ಕೆಲಸ ಬೇಕಲ್ಲಪ್ಪ," ಅಂದಳು. ನಗಲಿಲ್ಲ.

ಅವನು ಬಾಗಿಲಲ್ಲೇ ಕೂತು ಗಂಟು ಬಿಚ್ಚಿ ಹರಡಿದ. ದಬ್ಬಳ ಇಟ್ಟ. ಉಳಿದ ದಾರ ಇಟ್ಟ. ಮೇಣ ಇಟ್ಟ. ನೇಯುವವಳು ಯಾವಾಗಲೋ ಕೊಟ್ಟಿದ್ದ ತುಂಡು ಬಟ್ಟೆ ಇಟ್ಟ. ಆಮೇಲೆ ಮೆಟ್ಟು ಹಾಕಿಕೊಳ್ಳಲು ತಿರುಗಿಸಿದ. ಬಲಗಾಲಿನದರ ಅಟ್ಟೆಗೆ ಒಂದು ಹೊಸ ತೇಪೆ, ಕೆಂಪು ತೊಗಲಿನದು.

"ಇದೇನಜ್ಜಿ?"

"ಹೋದ ಬೇಸಿಗೇಲಿ ಬಿರುಕು ಬಿಟ್ಟಿತ್ತು. ನಾನೇ ಮುದುಕನ ಕೈಲಿ ಹಾಕಿಸಿದೆ. ರಾಣಿ ಜೋಡಿನ ಚೂರು ಒಂದು ಉಳಿದಿತ್ತು. ಗಟ್ಟಿ ತೊಗಲು, ಎಲ್ಲಿಗೆ ಹೋದರೂ ಬಾಳುತ್ತೆ."

ಅವನು ಇಟ್ಟ ದಬ್ಬಳವನ್ನು ಮತ್ತೆ ತೆಗೆದ. ಒಂದೊಂದೇ ಹೊಲಿಗೆ ಬಿಚ್ಚಿದ. ಹಿಂದೆ ಊರೊಳಗೆ ತೇಪೆಯಜ್ಜನ ಕೊಡತಿ ಟಕ್ ಟಕ್ ಎನ್ನುತ್ತಿತ್ತು. ಆ ಸದ್ದು ನಿಂತಿತು. ಮತ್ತೆ ಶುರುವಾಯಿತು. ಒಂದು ಜೋಡು ಮುಗಿದಿರಬೇಕು. ತೇಪೆ ಕಳಚಿ ಅಜ್ಜಿಯ ಅಂಗೈಗೆ ಇಟ್ಟ. ಅಟ್ಟೆಯ ತೂತಿನಿಂದ ಬಿಸಿಲು ಒಂದು ಚುಕ್ಕೆಯಾಗಿ ನೆಲದ ಮೇಲೆ ಬಿತ್ತು.

"ಅಯ್ಯೋ, ಕಲ್ಲು ಚುಚ್ಚುತ್ತಲ್ಲೋ! ನಿನ್ನ ಕಾಲು ಮೊದಲಿನ ಹಾಗಿಲ್ಲ."

"ಚುಚ್ಚಲಿ ಅಜ್ಜಿ. ಯಾರ ಕಾಲು ಅಂತ ಗೊತ್ತಾಗುತ್ತಾ ಇರುತ್ತೆ."

ಮೆಟ್ಟು ಹಾಕಿಕೊಂಡ. ಗಂಟಿನ ನಾಲ್ಕು ಮೂಲೆ ಎಳೆದು, ಒಂದರ ಮೇಲೊಂದು ಎರಡು ಸಲ ಕಟ್ಟಿದ. ಅಷ್ಟರಲ್ಲಿ ಊರೊಳಗೆ ನಗಾರಿ ಬಿತ್ತು, ಹೊತ್ತಲ್ಲದ ಹೊತ್ತಿನಲ್ಲಿ, ಮೊದಲ ಜೋಡು ಗದ್ದುಗೆಗೆ ಏರಿದ್ದಕ್ಕೆ.

ಅವನ ಬೆನ್ನು ಬಗ್ಗಿತು. ಗಂಟು ಕಟ್ಟಲು ಬಗ್ಗಿದ್ದೇನೆ ಅಂದುಕೊಂಡ.

ಗಂಟು ಆಗಲೇ ಕಟ್ಟಿ ಆಗಿತ್ತು.